ಎದೆಯೊಳಗಿನ ಸಾಕ್ಷಿ

ಪ್ರಾಚೀನ ಈಜಿಪ್ಟಿನಲ್ಲಿ ಸಿರಿವಂತರ ಶವವನ್ನು ಮಮ್ಮಿ ಮಾಡುವಾಗ ಮೂಗಿನೊಳಗೆ ಕೊಕ್ಕೆ ತೂರಿಸಿ ಮಿದುಳನ್ನು ಹೊರಗೆಳೆದು ಬಿಸಾಡುತ್ತಿದ್ದರು. ಕರುಳು, ಜಠರ, ಶ್ವಾಸಕೋಶ, ಯಕೃತ್ತುಗಳನ್ನು ಜಾಡಿಗಳಲ್ಲಿ ಜೋಪಾನ ಮಾಡುತ್ತಿದ್ದರು. ಹೃದಯ ಮಾತ್ರ ಎದೆಯಲ್ಲೇ ಉಳಿಯಬೇಕು. ಯೋಚನೆ, ನೆನಪು, ಆಸೆ ಎಲ್ಲವೂ ಹೃದಯದ ಕೆಲಸವೆಂದು ಅವರು ನಂಬಿದ್ದರು.

ಹಾಗೆಂದು ಮಿದುಳಿನ ಬಗ್ಗೆ ಅವರಿಗೇನೂ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಕ್ರಿ.ಪೂ. 1600ರ ಸುಮಾರಿನ ಎಡ್ವಿನ್ ಸ್ಮಿತ್ ಎಂಬ ಹೆಸರಿನ ವೈದ್ಯಕೀಯ ಪಪೈರಸ್‌ನಲ್ಲಿ 48 ರೋಗಿಗಳ ವಿವರಗಳಿವೆ. ಒಡೆದ ಬುರುಡೆಯೊಳಗೆ ಕಂಡ ಮಿದುಳಿನ ಮಡಿಕೆಗಳನ್ನು ಅದು ಕರಗಿದ ತಾಮ್ರದ ಮೇಲಿನ ಸುಕ್ಕುಗಳಿಗೆ ಹೋಲಿಸುತ್ತದೆ. ತಲೆಗೆ ಏಟು ಬಿದ್ದವನ ಮಾತು ನಿಂತದ್ದನ್ನೂ ಇನ್ನೊಬ್ಬ ಕಾಲೆಳೆದು ನಡೆದದ್ದನ್ನೂ ಗುರುತಿಸುತ್ತದೆ. ಆದರೂ ಮನಸ್ಸಿನ ಮನೆ ಎದೆಯಲ್ಲೇ ಉಳಿಯಿತು.

ಇದನ್ನು ಬರೀ ಅಂಗರಚನೆಯ ತಪ್ಪೆಂದು ಬದಿಗಿಡಲು ನನಗೆ ಮನಸ್ಸಿಲ್ಲ. ಅವರಿಗೆ ತಮ್ಮ ಹೃದಯದ ಬಗ್ಗೆಯೇ ಭಯವಿತ್ತು. ಸತ್ತ ಮೇಲೆ ಪರಲೋಕದ ಒಡೆಯ ಒಸಿರಿಸ್‌ನ ಸನ್ನಿಧಿಯಲ್ಲಿ, ಸತ್ಯದೇವತೆ ಮಾಆತ್‌ಳ ಗರಿಯೆದುರು ಹೃದಯವನ್ನು ತೂಗುತ್ತಾರೆ. ಅನುಬಿಸ್ ದೇವ ತಕ್ಕಡಿ ನೋಡುತ್ತಾನೆ, ಥೋತ್ ದೇವ ಬರೆದುಕೊಳ್ಳುತ್ತಾನೆ. ಆ ಹೊತ್ತಿನಲ್ಲಿ ತನ್ನದೇ ಹೃದಯ ತನ್ನ ವಿರುದ್ಧ ಸಾಕ್ಷಿ ನುಡಿದರೆ? ಅದಕ್ಕೇ ಮಮ್ಮಿಯ ಎದೆಯ ಮೇಲೆ ಸಗಣಿ ಜೀರುಂಡೆಯಾಕಾರದ ಕಲ್ಲಿನ ತಾಯಿತವಿಡುತ್ತಿದ್ದರು. ತನಗೆ ತಿರುಗಿಬೀಳಬೇಡವೆಂದು ಹೃದಯವನ್ನು ಬೇಡಿಕೊಳ್ಳುವ ಮಂತ್ರ ಅದರ ತಳದಲ್ಲಿ ಕೊರೆದಿರುತ್ತಿತ್ತು. ತಾನು ಬೇರೆ, ತನ್ನ ಗುಟ್ಟೆಲ್ಲ ಬಲ್ಲ ಒಳಗಿನದು ಬೇರೆ ಎಂಬ ಅರಿವು ಅವರಿಗೆ ಆಗಲೇ ಇತ್ತು.

ಸಾವಿರಾರು ವರ್ಷಗಳ ಬಳಿಕ ಆ ಒಳಗಿನದನ್ನೇ ಕೆದಕಿದ ಮನೋವಿಶ್ಲೇಷಣೆಯ ಜನಕ ಸಿಗ್ಮಂಡ್ ಫ್ರಾಯ್ಡ್ ಎರಡು ಸಾವಿರಕ್ಕೂ ಹೆಚ್ಚು ಪ್ರಾಚೀನ ವಸ್ತುಗಳನ್ನು ಕೂಡಿಟ್ಟಿದ್ದರು. ಅವರ ಮೇಜಿನ ಮೇಲೆ ಬಬೂನ್ ರೂಪದ ಥೋತ್ ಕೂತಿರುತ್ತಿದ್ದ. 1923ರಲ್ಲಿ ಅವರು ಮನಸ್ಸನ್ನು ಇಡ್, ಈಗೊ, ಸೂಪರ್‌ಈಗೊ ಎಂದು ವಿಂಗಡಿಸಿದಾಗ ಸೂಪರ್‌ಈಗೊ ಹೆಸರಿನಲ್ಲಿ ಒಳಗಿನ ನ್ಯಾಯಾಧೀಶ ಮತ್ತೆ ಎದ್ದು ಕೂತ. ಇದು ಈಜಿಪ್ಟಿನಿಂದ ತಂದ ಕಡ ಎನ್ನಲಾರೆ. ನಡೆದ ದಾರಿಯಂತೂ ತಿರುವುಮುರುವು: ಈಜಿಪ್ಟಿನವರು ಸಾಕ್ಷಿಯ ಬಾಯಿ ಕಟ್ಟಿದರು, ಫ್ರಾಯ್ಡ್ ರೋಗಿಯನ್ನು ಮಂಚದ ಮೇಲೆ ಮಲಗಿಸಿ ಆ ಸಾಕ್ಷಿಯನ್ನೇ ಮಾತಿಗೆಳೆದರು.

ಆದರೆ ಈಜಿಪ್ಟ್ ಸದಾ ಬಾಯಿ ಕಟ್ಟಿತೆಂದೂ ಅಲ್ಲ. ಇಂದಿನ ಆಪ್ತಸಮಾಲೋಚನೆಗೆ ಇಷ್ಟು ಹತ್ತಿರವಾದ ಹಳೆಯ ಬರಹವನ್ನು ನಾನು ಬೇರೆ ಓದಿಲ್ಲ: ಸುಮಾರು 3,800 ವರ್ಷ ಹಳೆಯ ಬರ್ಲಿನ್‌ನ ಒಂದು ಪಪೈರಸ್‌ನಲ್ಲಿ, ಬದುಕು ಸಾಕಾಗಿ ಸಾವನ್ನು ಹಂಬಲಿಸುವವನೊಬ್ಬ ತನ್ನ ಆತ್ಮದ ಒಂದಂಶವಾದ ‘ಬಾ’ದೊಡನೆ ವಾದಕ್ಕಿಳಿಯುತ್ತಾನೆ. ಅದು ಎದುರಾಡುತ್ತದೆ, ಕತೆ ಹೇಳುತ್ತದೆ, ಅವನ ಗೋಳನ್ನೆಲ್ಲ ಕೇಳಿಸಿಕೊಳ್ಳುತ್ತದೆ. ಕೊನೆಗೆ, ಈ ಕೊರಗು ಬಿಡು, ಬದುಕನ್ನು ಹಿಡಿದುಕೋ, ಆಯುಸ್ಸು ಮುಗಿದ ಮೇಲೆ ಇಬ್ಬರೂ ಒಂದೇ ಕಡೆ ನೆಲೆಸೋಣ ಎಂದು ಒಪ್ಪಿಸಲು ನೋಡುತ್ತದೆ.