ಸಿಡಿಲಿನ ಮಳೆಯೂ ಮನೆಯ ಸಂಗೀತಯಂತ್ರವೂ

ಮುಂಗಾರಿಗೆ ಮೊದಲು, ಏಪ್ರಿಲ್ ಮೇ ತಿಂಗಳುಗಳಲ್ಲಿ, ನಮ್ಮ ನಾಡಿನಲ್ಲಿ ಗುಡುಗು ಸಿಡಿಲುಗಳ ಮಳೆ ಸಾಮಾನ್ಯ. ಅಂತಹ ಒಂದು ಸಂಜೆ ನಮ್ಮ ಮನೆಯ ಆಂಪ್ಲಿಫೈಯರು ಹಾಡನ್ನು ಅರ್ಧಕ್ಕೇ ನಿಲ್ಲಿಸಿ ಮೂಕವಾಯಿತು. ಅದಕ್ಕೆ ಸರ್ಜ್ ಪ್ರೊಟೆಕ್ಟರಿನ ಮೂಲಕವೇ ವಿದ್ಯುತ್ತನ್ನು ಕೊಟ್ಟಿದ್ದೆವು. ಆ ಪೆಟ್ಟಿಗೆಯ ಕೆಂಪು ದೀಪವಾದರೋ ಇನ್ನೂ ಉರಿಯುತ್ತಲೇ ಇದ್ದಿತು! ಕಾವಲುಗಾರನು ಎಚ್ಚರವಾಗಿದ್ದರೂ ಕಳ್ಳನು ಒಳಹೊಕ್ಕುದು ಹೇಗೆ? ಪ್ಲಗ್ಗನ್ನು ಕಿತ್ತು ಪೆಟ್ಟಿಗೆಯನ್ನು ಬಿಚ್ಚಿದಾಗ, ನಾಣ್ಯದಗಲದ ಬಿಲ್ಲೆಯೊಂದು ಕರಕಾಗಿ ಬಿರಿದಿರುವುದು ಕಂಡಿತು.

ಈ ಬಿಲ್ಲೆಯ ಹೆಸರು ವೇರಿಸ್ಟರ್. ಸತುವಿನ ಆಕ್ಸೈಡಿನ ಪುಡಿಯನ್ನು ಬೇರೆ ಕೆಲವು ಆಕ್ಸೈಡುಗಳೊಡನೆ ಬೆರೆಸಿ, ಒತ್ತಿ, ಸುಟ್ಟು ಇದನ್ನು ತಯಾರಿಸುತ್ತಾರೆ. ಒಳಗೆ ಅಸಂಖ್ಯಾತ ಹರಳುಗಳು ಒತ್ತಾಗಿ ನೆರೆದಿರುತ್ತವೆ. ಎರಡು ಹರಳುಗಳ ನಡುವಣ ಒಂದೊಂದು ಎಲ್ಲೆಯೂ ಸುಮಾರು 3 ವೋಲ್ಟುಗಳವರೆಗೆ ಪ್ರವಾಹವನ್ನು ತಡೆಯಬಲ್ಲುದು. ಇಂತಹ ನೂರನಾಲ್ವತ್ತು ಎಲ್ಲೆಗಳು ಸಾಲುಗೂಡಿದರೆ 420 ವೋಲ್ಟುಗಳ ತಡೆಯಾಯಿತು. ಮನೆಯ 230 ವೋಲ್ಟ್ ವಿದ್ಯುತ್ತಿನ ಶಿಖರಮೌಲ್ಯ ಸುಮಾರು 325 ವೋಲ್ಟ್ ಮಾತ್ರ. ಆದುದರಿಂದ ಬಿಲ್ಲೆಯು ಸಾಮಾನ್ಯ ಕಾಲದಲ್ಲಿ ಅವಾಹಕದಂತೆ ಸುಮ್ಮನಿರುತ್ತದೆ. ಸಾವಿರಾರು ವೋಲ್ಟುಗಳ ಅಲೆಯೊಂದು ನುಗ್ಗಿದೊಡನೆ ಎಲ್ಲೆಗಳೆಲ್ಲವೂ ತೆರೆದುಕೊಳ್ಳುತ್ತವೆ, ರೋಧವು ಕುಸಿಯುತ್ತದೆ, ಅಲೆಯು ಯಂತ್ರವನ್ನು ಬಿಟ್ಟು ಬಿಲ್ಲೆಯ ದಾರಿ ಹಿಡಿಯುತ್ತದೆ. 50 ಆಂಪಿಯರ್ ಪ್ರವಾಹ ಹರಿಯುವಾಗಲೂ ಸಾಧಾರಣ ಬಿಲ್ಲೆಯೊಂದು ವೋಲ್ಟೇಜನ್ನು ಸುಮಾರು 700ರಲ್ಲಿ ಹಿಡಿದು ನಿಲ್ಲಿಸುತ್ತದೆ.

ಆದರೆ ಈ ಸೇವೆಗೆ ಬೆಲೆಯುಂಟು. ದೊಡ್ಡ ಅಲೆಯೊಂದೊಂದೂ ಎಲ್ಲೆಗಳನ್ನು ಅಷ್ಟಷ್ಟು ಕೆಡಿಸುತ್ತದೆ. ಕಡೆಗೊಂದು ದಿನ ಬಿಲ್ಲೆ ಸಾಯುತ್ತದೆ. ನಮ್ಮ ಪೆಟ್ಟಿಗೆಯ ದೀಪವು ವಿದ್ಯುತ್ತು ಬರುತ್ತಿದೆಯೆಂದು ಹೇಳುತ್ತಿದ್ದಿತೇ ಹೊರತು, ಕಾವಲು ಉಳಿದಿದೆಯೆಂದಲ್ಲ. ಈ ಭೇದವನ್ನು ನಾವು ಅರಿಯದೇ ಹೋದೆವು. ರಕ್ಷಣೆಯ ಸ್ಥಿತಿಯನ್ನೇ ತೋರಿಸುವ ಬೇರೆ ದೀಪವುಳ್ಳ ಪೆಟ್ಟಿಗೆಯನ್ನು ಕೊಳ್ಳುವುದು ಲೇಸು.

ಇನ್ನೊಂದು ಮಾತು. ವೇರಿಸ್ಟರ್ ಕ್ಷಣಿಕ ಅಲೆಗಳಿಗೆ ಮಾತ್ರ ಮದ್ದು. ಬೀದಿಯ ನ್ಯೂಟ್ರಲ್ ತಂತಿ ಕಡಿದರೆ ಮನೆಗೆ 400 ವೋಲ್ಟುಗಳವರೆಗೂ ಬಂದು ನಿಲ್ಲಬಹುದು. ಆಗ ಬಿಲ್ಲೆ ತಾನೇ ಬೆಂದೀತು. ಅದಕ್ಕೆ ವೋಲ್ಟೇಜ್ ಮೀರಿದಾಗ ಸಂಪರ್ಕವನ್ನು ಕಡಿಯುವ ಸಾಧನ ಬೇಕು. ವೋಲ್ಟೇಜ್ ಏರಿಳಿಯುವ ಊರುಗಳಲ್ಲಿ ಸ್ಟೆಬಿಲೈಸರ್ ಬೇಕು. ಸ್ಪೀಕರಿನ ಗುಂಯ್‌ಗುಡುವಿಕೆಯು ಎಷ್ಟೋ ವೇಳೆ ಎರಡು ಯಂತ್ರಗಳು ಬೇರೆ ಬೇರೆ ಕಡೆ ಭೂಸಂಪರ್ಕ ಪಡೆದುದರ ಫಲ. ಎರಡನ್ನೂ ಒಂದೇ ಸಾಕೆಟ್ಟಿನಿಂದ ನಡೆಸಿದರೆ ಬಹುಮಟ್ಟಿಗೆ ಅಡಗುತ್ತದೆ. ಗುಂಯ್‌ಗುಡುವಿಕೆಗೆ ಹೆದರಿ ಭೂಸಂಪರ್ಕದ ತಂತಿಯನ್ನೇ ತೆಗೆಯುವುದು ಪ್ರಾಣಾಪಾಯಕರ. ‘ಪವರ್ ಕಂಡಿಷನರ್’ ತಂತಿಯಲ್ಲಿ ಬರುವ ಸದ್ದನ್ನು ಸೋಸಬಲ್ಲುದು. ಆದರೆ ಒಳ್ಳೆಯ ಆಂಪ್ಲಿಫೈಯರು ತನ್ನ ಟ್ರಾನ್ಸ್‌ಫಾರ್ಮರು ಕೆಪಾಸಿಟರುಗಳಿಂದ ಆ ಕೆಲಸವನ್ನು ಬಹುಪಾಲು ಮಾಡಿಯೇ ಇರುತ್ತದೆ. ಅದರಿಂದ ನಾದವೇ ಇಂಪಾಗುವುದೆಂಬ ಮಾತಿಗೆ ಮರುಳಾಗಬೇಕಾಗಿಲ್ಲ.

ಹತ್ತಿರದಲ್ಲೇ ಬಡಿದ ಸಿಡಿಲನ್ನು ಯಾವ ಪೆಟ್ಟಿಗೆಯೂ ತಡೆಯಲಾರದು. ಮೋಡ ಕವಿದು ಗುಡುಗು ದೂರದಲ್ಲಿರುವಾಗಲೇ ಪ್ಲಗ್ಗನ್ನೂ ಆಂಟೆನಾ ತಂತಿಯನ್ನೂ ಕಿತ್ತಿಡುವುದೇ ಎಲ್ಲಕ್ಕಿಂತ ಅಗ್ಗವೂ ನಂಬಿಗಸ್ತವೂ ಆದ ರಕ್ಷಣೆ. ನಾವು ಈ ಪಾಠವನ್ನು ಒಂದು ಆಂಪ್ಲಿಫೈಯರಿನ ಬೆಲೆ ತೆತ್ತು ಕಲಿತೆವು. ವಾಚಕರು ಬೆಲೆಯಿಲ್ಲದೆ ಕಲಿಯಲಿ.