ಹೆಸರಿನ ತೂಕ ಮತ್ತು ಅಚೌರ್ಯವ್ರತ

ಅಚೌರ್ಯಾಣುವ್ರತಕ್ಕೆ ಆಚಾರ್ಯರು ಹೇಳಿರುವ ಐದು ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವೂ ಒಂದು. ಕೊಡುವಾಗ ಕಡಿಮೆ, ಕೊಳ್ಳುವಾಗ ಹೆಚ್ಚು ಅಳೆಯುವುದೆಂದು ಅದರ ಅರ್ಥ. ಶ್ರಾವಕರಾದ ನಾವು ಇದನ್ನು ಅಂಗಡಿಯ ತಕ್ಕಡಿಗಷ್ಟೇ ಅನ್ವಯಿಸಿಕೊಂಡಿದ್ದೇವೆ. ವಿಜ್ಞಾನದ ಪ್ರಯೋಗಶಾಲೆಯಲ್ಲಿಯೂ ಒಂದು ತಕ್ಕಡಿಯುಂಟು. ಅಲ್ಲಿ ತೂಗುವುದು ದುಡಿಮೆಯನ್ನು, ಕೊಡುವುದು ಹೆಸರನ್ನು.

ಹಲವರು ಕೂಡಿ ನಡೆಸಿದ ಸಂಶೋಧನೆ ಪ್ರಬಂಧವಾಗಿ ಹೊರಬರುವಾಗ ಯಾರ ಹೆಸರು ಮೊದಲು, ಯಾರದು ಕೊನೆಗೆ, ಯಾರದು ಬೇಡ ಎಂಬ ಪ್ರಶ್ನೆ ಏಳುತ್ತದೆ. ಗಣಿತಜ್ಞರು ಸಾಮಾನ್ಯವಾಗಿ ಅಕ್ಷರಾನುಕ್ರಮವನ್ನು ಹಿಡಿದು ಈ ತೊಡಕಿನಿಂದ ಪಾರಾಗುತ್ತಾರೆ. ಜೀವವಿಜ್ಞಾನದಲ್ಲಿ ಹೆಚ್ಚು ದುಡಿದವರು ಮೊದಲು, ತಂಡದ ಮುಖ್ಯಸ್ಥರು ಕೊನೆಗೆ ಎಂಬುದು ರೂಢಿ. ದುಡಿಯದೆಯೇ ಸ್ಥಾನಬಲದಿಂದ ಹೆಸರು ಸೇರಿಸಿಕೊಳ್ಳುವವರೂ ಇದ್ದಾರೆ. ಅದು ಅದತ್ತಾದಾನ, ಕೊಡದುದನ್ನು ತೆಗೆದುಕೊಳ್ಳುವುದು. ವಿದ್ಯಾರ್ಥಿ ಒಪ್ಪಿದ್ದಾನಲ್ಲ ಎನ್ನಬಹುದು. ಪದವಿಯೇ ಗುರುವಿನ ಕೈಯಲ್ಲಿರುವಾಗ ಅಂತಹ ಒಪ್ಪಿಗೆ ದಾನವಾದೀತೆ?

ತೂಕ ತಪ್ಪಿದ್ದಕ್ಕೆ ಪ್ರಸಿದ್ಧ ನಿದರ್ಶನವೊಂದಿದೆ. 1967ರಲ್ಲಿ ಕೇಂಬ್ರಿಡ್ಜ್‌ನ 24 ವರ್ಷದ ವಿದ್ಯಾರ್ಥಿನಿ ಜೋಸೆಲಿನ್ ಬೆಲ್, ತಾವೂ ಕೈಜೋಡಿಸಿ ಕಟ್ಟಿದ ರೇಡಿಯೊ ದೂರದರ್ಶಕ ದಿನವೂ ಉಗುಳುತ್ತಿದ್ದ ಮಾರುಗಟ್ಟಲೆ ಕಾಗದವನ್ನು ಪರಿಶೀಲಿಸುತ್ತ, ಅದರಲ್ಲೊಂದು ವಿಚಿತ್ರ ಗುರುತನ್ನು ಕಂಡರು. ಮಾರ್ಗದರ್ಶಕ ಆಂಟನಿ ಹ್ಯೂಯಿಶ್ ಅದು ಮಾನವನಿರ್ಮಿತ ಸಂಕೇತವಿರಬೇಕೆಂದು ಮೊದಲಿಗೆ ಭಾವಿಸಿದರು. ಆಕೆ ಬಿಡಲಿಲ್ಲ. ಸುಮಾರು 1.33 ಸೆಕೆಂಡಿಗೊಮ್ಮೆ ಮಿಡಿಯುತ್ತಿದ್ದ ಅದು ಮನುಷ್ಯನಿಗೆ ಗೋಚರಿಸಿದ ಮೊದಲ ಪಲ್ಸಾರ್. 1968ರ ಪ್ರಬಂಧದ ಐದು ಹೆಸರುಗಳಲ್ಲಿ ಹ್ಯೂಯಿಶ್ ಮೊದಲನೆಯವರು, ಬೆಲ್ ಎರಡನೆಯವರು. 1974ರ ನೊಬೆಲ್ ಪ್ರಶಸ್ತಿ ಹ್ಯೂಯಿಶ್ ಮತ್ತು ಮಾರ್ಟಿನ್ ರೈಲ್ ಅವರಿಗೆ ಸಂದಿತು. ಮೂವರಿಗೆ ಹಂಚಲು ನಿಯಮದಲ್ಲಿ ಅವಕಾಶವಿತ್ತು. ಮೂರನೆಯ ಸ್ಥಾನ ಬರಿದಾಗಿಯೇ ಉಳಿಯಿತು.

ಬೆಲ್ ಯಾರನ್ನೂ ದೂರಲಿಲ್ಲ. 2018ರಲ್ಲಿ ಬೇರೊಂದು ಪ್ರಶಸ್ತಿಯಿಂದ ಬಂದ 30 ಲಕ್ಷ ಡಾಲರುಗಳನ್ನೂ ಅವಕಾಶವಂಚಿತ ವಿದ್ಯಾರ್ಥಿಗಳ ಭೌತವಿಜ್ಞಾನ ಸಂಶೋಧನೆಗೆ ಕೊಟ್ಟುಬಿಟ್ಟರು. ಆ ಅಪರಿಗ್ರಹ ಅವರ ಗುಣ. ತೂಗಿದವರ ತಕ್ಕಡಿ ಅದರಿಂದ ನೇರವಾಗದು.

ಗುರುಶಿಷ್ಯರ ದುಡಿಮೆ ಒಂದೇ ಕೃತಿಯಲ್ಲಿ ಬೆರೆಯುವುದು ನಮ್ಮ ಪರಂಪರೆಗೂ ಹೊಸದಲ್ಲ. ವೀರಸೇನಾಚಾರ್ಯರು ಜಯಧವಲಾ ಟೀಕೆಯನ್ನು 20,000 ಶ್ಲೋಕಪ್ರಮಾಣದವರೆಗೆ ರಚಿಸಿ ದೇಹತ್ಯಾಗ ಮಾಡಿದರು. ಶಿಷ್ಯರಾದ ಜಿನಸೇನಾಚಾರ್ಯರು ಮತ್ತೆ 40,000 ಬರೆದು ಕ್ರಿ.ಶ. 837ರಲ್ಲಿ ಮುಗಿಸಿದರು. ಮೂರರಲ್ಲಿ ಎರಡು ಪಾಲು ಶಿಷ್ಯರದು. ಆದರೂ ಗುರುವಿನ ಪಾಲು ಮರೆಯಾಗಲಿಲ್ಲ, ಗುರುಭಕ್ತಿಯ ನೆಪದಲ್ಲಿ ಶಿಷ್ಯರ ಪಾಲೂ ಅಳಿಯಲಿಲ್ಲ. ಮೂಡುಬಿದಿರೆಯ ಗುರುಬಸದಿಯಲ್ಲಿ ಶತಮಾನಗಳ ಕಾಲ ಉಳಿದುಬಂದ ಆ ತಾಳೆಯೋಲೆಗಳನ್ನು ಇಂದಿಗೂ ಇಬ್ಬರ ಹೆಸರಿನಿಂದಲೇ ಗುರುತಿಸುತ್ತೇವೆ.