ನಲ್ಲಿ ವಾಷರಿನ ರೇಡಿಯೋ

ಸಂತ ಮ್ಯಾಕ್ಸಿಮಿಲಿಯನ್ ಕೋಲ್ಬೆ 1941ರಲ್ಲಿ ಔಶ್ವಿಟ್ಸ್ ಶಿಬಿರದಲ್ಲಿ ಇನ್ನೊಬ್ಬನ ಬದಲಾಗಿ ಪ್ರಾಣ ಕೊಟ್ಟವರು. ಅವರು ಹವ್ಯಾಸಿ ರೇಡಿಯೋಗಾರರೂ ಆಗಿದ್ದರೆಂಬುದು ಅನೇಕರಿಗೆ ತಿಳಿಯದು. ‘ಹ್ಯಾಮ್’ ಎಂದು ಕರೆಯಲ್ಪಡುವ ಈ ಹವ್ಯಾಸಿಗಳು ಅವರನ್ನು ತಮ್ಮ ಪಾಲಕ ಸಂತರೆಂದೇ ನೆನೆಯುತ್ತಾರೆ.

ಇದಕ್ಕೆ ದುಬಾರಿ ಸೆಟ್ಟೇ ಬೇಕೆಂದಿಲ್ಲ. ಹೈದರಾಬಾದಿನ ಅಶ್ಹರ್ ಫರ್ಹಾನ್ ರೂಪಿಸಿದ ‘ಬಿಟ್‌ಎಕ್ಸ್’ ಅನ್ನು ಮನೆಯಲ್ಲೇ ಬೆಸುಗೆ ಹಾಕಿ ಕಟ್ಟಬಹುದು. ತಂತಿ ಸುತ್ತುವ ವಿಶೇಷ ಉಂಗುರಗಳು ಇಲ್ಲಿ ಸುಲಭವಾಗಿ ಸಿಗವೆಂದು ಅವರು ನಲ್ಲಿಯ ವಾಷರನ್ನೇ ಬಳಸಿದರು! ಮಾತಾಡುವಾಗಲೂ ಕೇಳುವಾಗಲೂ ಬಹುಪಾಲು ಅವೇ ಬಿಡಿಭಾಗಗಳು ದುಡಿಯುತ್ತವೆ, ಸಂಕೇತ ಹರಿಯುವ ದಿಕ್ಕು ಮಾತ್ರ ಬದಲು. ಖರ್ಚು ಉಳಿಯುವುದು ಅಲ್ಲೇ. ನಕ್ಷೆಯನ್ನೂ ಎಲ್ಲರಿಗೂ ಬಿಟ್ಟುಕೊಟ್ಟರು.

ಶಕ್ತಿ ಸುಮಾರು 6 ವಾಟ್, ಅಷ್ಟೇ. ಆದರೂ 14 ಮೆಗಾಹರ್ಟ್ಸ್ ಅಲೆಗಳು ಮೇಲಿನ ಅಯಾನುಗೋಳಕ್ಕೆ ತಾಗಿ ಮರಳಿ ಇಳಿಯುವುದರಿಂದ, ಆಂಟೆನಾ ಸರಿಯಿದ್ದು ವಾತಾವರಣ ಒದಗಿದ ದಿನ ಕಡಲಾಚೆಗೂ ದನಿ ಮುಟ್ಟೀತು. 2004ರ ಸುನಾಮಿಯಲ್ಲಿ ಅಂಡಮಾನಿನ ಫೋನುಗಳು ನಿಂತಾಗ ಹ್ಯಾಮ್‌ಗಳು ದೂರದ ಮನೆಯವರಿಗೆ ಸುದ್ದಿ ಮುಟ್ಟಿಸಿದರು.

ಮಕ್ಕಳು ಆಸೆಪಟ್ಟರೆ ಬೆಸುಗೆ ಕಡ್ಡಿ ಕೊಡಿಸಿ, ಬೇಡವೆನ್ನಬೇಡಿ. ಆದರೆ ಮೊದಲು ಕೇಂದ್ರ ಸರ್ಕಾರದ ಪರೀಕ್ಷೆ ಬರೆದು ಪರವಾನಗಿ ಪಡೆಯಲಿ. ಅದಿಲ್ಲದೆ ಪ್ರಸಾರ ಮಾಡುವುದು ಅಪರಾಧ.